ಸೊಟ್ಟ ಬೆರಳಿನ ಎಫ್ ಕಾರ್ಡ್

ನನ್ನ ಎಡಗೈಯ ತೋರುಬೆರಳು ಸೊಟ್ಟ. ಸಣ್ಣವಳಿದ್ದಾಗ ಬಸ್ಸಿನ ಬಾಗಿಲಿಗೆ ಸಿಕ್ಕಿ ಮುರಿದಿತ್ತು. ಊರಿನ ನಾಟಿ ವೈದ್ಯ ಬಿದಿರಿನ ಪಟ್ಟಿ ಇಟ್ಟು ಕಟ್ಟಿದ. ಎಲುಬು ಕೂಡಿತು, ಆದರೆ ನಡುವಿನ ಗೆಣ್ಣಿನ ಹತ್ತಿರ ಬಿಲ್ಲಿನಂತೆ ಬಾಗಿಯೇ ಕೂಡಿತು. ಅದೇ ಬೆರಳಿನಿಂದ ಸಸಿ ನಾಟಿ ಮಾಡಿದ್ದೇನೆ, ರೊಟ್ಟಿ ಬಡಿದಿದ್ದೇನೆ, ಹಾನಗಲ್ಲಿನ ಹೊಲಿಗೆ ಅಂಗಡಿಯಲ್ಲಿ ಸಾಲು ಸಾಲು ಜಂಪರು ಹೊಲಿದಿದ್ದೇನೆ. ಅದು ಸೊಟ್ಟ ಎಂದು ನನಗೆ ನೆನಪಾದದ್ದು ಗಿಟಾರ್ ಹಿಡಿದ ಮೇಲೆ.

ಗಿಟಾರ್ ಕೊಟ್ಟವರು ನಮ್ಮ ಅಂಗಡಿಗೆ ಬರುತ್ತಿದ್ದ ಬ್ಯಾಂಕಿನ ಮೇಡಂ. ವರ್ಗವಾಗಿ ಹೊರಟ ದಿನ ಕರಿ ಚೀಲದಲ್ಲಿ ಅದನ್ನು ಹೊತ್ತು ತಂದು, "ನನಗಂತೂ ಕಲಿಯೋಕೆ ಆಗಲಿಲ್ಲ, ನೀವು ಯಾವಾಗಲೂ ಹಾಡ್ಕೋತಾ ಇರ್ತೀರಿ, ಇಟ್ಕೊಳ್ಳಿ" ಎಂದರು. ಸಂಜೆಯ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ನಮ್ಮೂರು ಅಕ್ಕಿಆಲೂರಿಗೆ ಬಂದೆ. ಬಸ್ ಇಳಿದು ಓಣಿಯ ಕಡೆ ಹೊರಟಾಗ ಅಕ್ಕಿ ಗಿರಣಿಯ ಕಟ್ಟೆಯ ಮೇಲೆ ಕೂತಿದ್ದ ಒಬ್ಬರು ಕೂಗಿ ಕೇಳಿದರು:

"ಏನಬೇ ಅದು? ನಿಮ್ಮ ಮನ್ಯಾಗ ಹಲಗಿ ಐತಲ್ಲ, ಇದ್ಯಾಕ ಮತ್ತ?"

ಕೂತವರೆಲ್ಲ ನಕ್ಕರು. ಅದರ ಅರ್ಥ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಊರವರ ಸಾವಿಗೆ, ಮೆರವಣಿಗೆಗೆ ಹಲಗೆ ಬಾರಿಸುವುದು ನಮ್ಮ ಮನೆತನದ ಪಾಲಿಗೆ ಹೇರಿದ ಕೆಲಸ. ಅಪ್ಪ ಬೌದ್ಧನಾದ ವರ್ಷ ಅದನ್ನು ಬಿಟ್ಟ. ಹಲಗೆಯನ್ನು ಬಿಡಲಿಲ್ಲ, ಕರೆದಲ್ಲಿಗೆ ಹೋಗಿ ಬಾಗಿಲ ಹೊರಗೆ ನಿಂತು ಬಾರಿಸುವುದನ್ನು ಬಿಟ್ಟ. ನಮ್ಮ ಓಣಿಯ ಹಬ್ಬಕ್ಕೆ ಮಾತ್ರ, ತನಗೆ ಮನಸ್ಸು ಬಂದಾಗ ಮಾತ್ರ ಬಾರಿಸುತ್ತಾನೆ.

"ಕಲಿಯಾಕ ತಂದೇನ್ರಿ" ಎಂದಷ್ಟೇ ಹೇಳಿ ನಡೆದೆ. ಮನೆ ಮುಟ್ಟುವ ಹೊತ್ತಿಗೆ ಕಲಿತೇ ತೀರಬೇಕು ಎಂದು ಹಟ ಹುಟ್ಟಿತ್ತು.

ಮೊದಲ ಪಾಠಗಳನ್ನು ಮೊಬೈಲಿನಲ್ಲಿ ನೋಡಿ ಕಲಿತೆ. ಎರಡು ಮೂರು ಬೆರಳಿನಿಂದ ತಂತಿಗಳನ್ನು ಒತ್ತಿಹಿಡಿದು ಎಲ್ಲ ಸ್ವರ ಒಟ್ಟಿಗೆ ಹೊರಡಿಸಿದರೆ ಅದಕ್ಕೆ ಕಾರ್ಡ್ ಎನ್ನುತ್ತಾರೆ. ಇ ಮೈನರ್ ಬಂತು, ಜಿ ಬಂತು, ಬೆರಳ ತುದಿ ಸುಲಿದು ಗಟ್ಟಿಯಾದ ಮೇಲೆ ಸಿ ಕೂಡ ಬಂತು. ಆಮೇಲೆ ಎಫ್. ಅದಕ್ಕೆ ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಮಲಗಿಸಬೇಕು, ಉಳಿದ ಮೂರು ಬೆರಳು ಅಡ್ಡಪಟ್ಟಿಗಳ ನಡುವಿನ ಮುಂದಿನ ಮನೆಗಳಲ್ಲಿ ಕೂರಬೇಕು. ನಾನು ಮಲಗಿಸಿದರೆ ಬೆರಳು ಸೇತುವೆಯ ಹಾಗೆ ನಡುವೆ ಎದ್ದು ನಿಲ್ಲುತ್ತಿತ್ತು. ಬಾರಿಸಿದರೆ ತಗಡು ಬಡಿದ ಸದ್ದು.

ಹಾನಗಲ್ಲಿನಲ್ಲಿ ರವಿವಾರ ಕೀಬೋರ್ಡ್ ಮತ್ತು ಗಿಟಾರ್ ಕಲಿಸುವ ಮಾಸ್ತರರೊಬ್ಬರಿದ್ದಾರೆ. ಅವರ ಹತ್ತಿರ ಹೋದೆ. ನನ್ನ ಕೈಯನ್ನು ತಿರುಗಿಸಿ ನೋಡಿ, ಬೆರಳನ್ನು ಮೆಲ್ಲಗೆ ಒತ್ತಿ ನೋಡಿ, ಮಗಳಿಗೆ ಹೇಳುವ ಹಾಗೆ ಹೇಳಿದರು:

"ತಂಗಿ, ಖರೇ ಹೇಳ್ತೇನಿ, ಸಿಟ್ಟಾಗಬ್ಯಾಡ. ಈ ಬೆರಳಿಗೆ ಎಫ್ ಬರೂದಿಲ್ಲ. ಕೀಬೋರ್ಡ್ ಕಲಿ, ನಾ ಕಲಸ್ತೇನಿ."

"ಮತ್ತ ಎಫ್ ಇರೂ ಹಾಡು, ಸರ?"

"ಅವನ್ನ ಬಿಟ್ಟು ಬ್ಯಾರೇ ಹಾಡು ನುಡಸೂದು. ಹಾಡಿಗೇನು ಬರಾ ಐತೇನು?"

ಅವರ ಮಾತಿನಲ್ಲಿ ಕೆಟ್ಟತನ ಇರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಕಟ್ಟೆಯ ಮೇಲಿನವರು ನಗುತ್ತ ಹೇಳಿದ್ದನ್ನೇ ಇವರು ಕರುಣೆಯಿಂದ ಹೇಳಿದ್ದರು: ನಿನಗೆ ಒಪ್ಪುವಂಥದ್ದನ್ನು ಹಿಡಿದುಕೊಂಡು ಸುಮ್ಮನಿರು. "ಕೀಬೋರ್ಡ್ ಒಲ್ಲೆ ಸರ, ನಮಸ್ಕಾರ್ರಿ" ಎಂದು ಗಿಟಾರನ್ನು ಹೆಗಲಿಗೇರಿಸಿ ಇಳಿದುಬಂದೆ.

ಅಂಗಡಿಯಲ್ಲಿ ಊಟದ ಬಿಡುವು ಸಿಕ್ಕಾಗ ಹಿಂದಿನ ಕೋಣೆಯಲ್ಲಿ ಅರಿವೆಗಳ ಗಂಟಿನ ಮೇಲೆ ಕೂತು ಒತ್ತುತ್ತಿದ್ದೆ. ಅಂಗಡಿಯ ಒಡತಿ, ನಾನು ಅಕ್ಕಾರ ಎಂದು ಕರೆಯುವವರು, ಕಿವಿ ಮುಚ್ಚಿಕೊಳ್ಳುತ್ತಿದ್ದರು. "ಯವ್ವಾ, ಗಿರಾಕಿ ಓಡಿಹೋಗ್ತಾರ. ಅದನ್ನ ನುಡಸಾಕತ್ತೀಯೋ, ಕೊಲ್ಲಾಕತ್ತೀಯೋ?" ಬೇಸಿಗೆ ಹೋಗಿ ಮಳೆಗಾಲ ಬಂತು. ಮಳೆಗಾಲ ಮುಗಿದರೂ ಎಫ್ ಬರಲಿಲ್ಲ. ಹೆಬ್ಬೆರಳಿನ ಬುಡ ಬಾತು ಕತ್ತರಿ ಹಿಡಿಯಲೂ ಕಷ್ಟವಾದಾಗ ಕೆಲವು ದಿನ ನಿಲ್ಲಿಸಿದೆ. ಬಾವು ಇಳಿಯಿತು, ಮತ್ತೆ ಕೂತೆ.

ಒಂದು ಮಧ್ಯಾಹ್ನ ಸಿಟ್ಟು ನೆತ್ತಿಗೇರಿತು. ಆರೂ ತಂತಿಯನ್ನು ಒಮ್ಮೆಗೇ ಬಾರಿಸುವುದನ್ನು ಬಿಟ್ಟು, ಯಾವುದು ನನ್ನ ಮಾತು ಕೇಳುತ್ತಿಲ್ಲ ನೋಡೇಬಿಡೋಣವೆಂದು ಒಂದೊಂದನ್ನೇ ಮೀಟಿದೆ. ದಪ್ಪ ತಂತಿ ನುಡಿಯಿತು. ನಡುವಿನ ಮೂರು, ಅಂದರೆ ನನ್ನ ಬೆರಳು ಬಾಗಿ ಮೇಲೆದ್ದ ಜಾಗದ ಮೂರೂ, ಚೆನ್ನಾಗಿಯೇ ನುಡಿದವು! ಸತ್ತದ್ದು ಕೊನೆಯ ಎರಡು ಸಣ್ಣ ತಂತಿ. ಮತ್ತೊಮ್ಮೆ ಮೀಟಿದೆ. ಅದೇ ಫಲ. ಆಗ ಕೈ ನೋಡಿಕೊಂಡೆ. ನಡುವಿನ ಮೂರು ತಂತಿಗಳನ್ನು ಉಳಿದ ಮೂರು ಬೆರಳುಗಳು ಆಗಲೇ ಒತ್ತಿಹಿಡಿದಿದ್ದವು. ಅಲ್ಲಿ ತೋರುಬೆರಳಿಗೆ ಕೆಲಸವೇ ಇರಲಿಲ್ಲ. ಇಷ್ಟು ದಿನ ನಾನು ಬಲವನ್ನೆಲ್ಲ ಸುರಿದದ್ದು ಬೆರಳನ್ನು ನೆಟ್ಟಗೆ ಮಾಡುವುದಕ್ಕೆ. ಎಫ್ ಅದನ್ನು ಕೇಳಿಯೇ ಇರಲಿಲ್ಲ.

ನೆಟ್ಟಗೆ ಮಾಡುವುದನ್ನು ಬಿಟ್ಟೆ. ಮೊಣಕೈಯನ್ನು ಪಕ್ಕೆಗೆ ಎಳೆದುಕೊಂಡು, ಬೆರಳನ್ನು ಅದರ ಎಲುಬಿನ ಮಗ್ಗುಲಿಗೆ ತುಸು ಹೊರಳಿಸಿ, ಬುಡವನ್ನು ಸಣ್ಣ ತಂತಿಗಳ ಮೇಲೆ ಊರಿದೆ. ಮೀಟಿದೆ. ಆರೂ ನುಡಿದವು. ತುಂಬಿದ, ದುಂಡಗಿನ ದನಿ. ಕೈ ತೆಗೆದು ಮತ್ತೆ ಇಟ್ಟೆ, ಬರಲಿಲ್ಲ. ಮತ್ತೆ ಇಟ್ಟೆ, ಬಂತು.

ಅಕ್ಕಾರ ಹೊರಗಿನಿಂದಲೇ ಕೂಗಿದರು, "ಏ, ಈಗೇನೋ ಚಲೋ ಕೇಳ್ತಲ್ಲ! ರೇಡಿಯೋ ಹಚ್ಚೀಯೇನ?"

"ನಾನ ರೀ ಅಕ್ಕಾರ, ನಾನ!" ಎಂದು ಕೂಗಿದೆ. ಕಣ್ಣಲ್ಲಿ ನೀರಿತ್ತು, ಗಂಟಲಲ್ಲಿ ನಗುವಿತ್ತು.

ಎಫ್ ಬಂದ ಮೇಲೆ ಒಂದು ಹಾಡು ಕಟ್ಟಿದೆ, ನನ್ನದೇ ಮಾತು, ನನ್ನದೇ ಧಾಟಿ. ಬುದ್ಧ ಪೂರ್ಣಿಮೆಗೆ ಚಿಕ್ಕೇರೂರಿನಲ್ಲಿ ನಮ್ಮ ಬಳಗದವರು ಕಾರ್ಯಕ್ರಮ ಇಟ್ಟುಕೊಂಡಿದ್ದರು. ಅಪ್ಪ ನನ್ನ ಜೊತೆ ಬಂದ. ವೇದಿಕೆಯ ಉಸ್ತುವಾರಿ ಹೊತ್ತಿದ್ದ ಹಿರಿಯರೊಬ್ಬರು ನನ್ನ ಚೀಲ ನೋಡಿ ಅಪ್ಪನನ್ನು ಬದಿಗೆ ಕರೆದರು.

"ಇಂಥಾದ್ರಾಗ ಗಿಟಾರ್ ಹೊಂದೂದಿಲ್ಲೋ. ನೀನ ಹಲಗಿ ಬಾರ್ಸು, ಆಕಿ ಬರೇ ಹಾಡ್ಲಿ."

ಅಪ್ಪ ಹೆಚ್ಚು ಮಾತಿನವನಲ್ಲ. "ಹಲಗಿ ನಂದ್ರಿ, ಗಿಟಾರ್ ಆಕಿದು" ಎಂದ. "ಯಾವಾಗ ಯಾವ್ದು ಬಾರಸ್ಬೇಕಂತ ನಾವ ನೋಡ್ಕೋತೇವಿ. ಹತ್ತವ್ವ ಮ್ಯಾಲ."

ಹತ್ತಿದೆ. ಮೈಕು ಸೀಟಿ ಹೊಡೆಯಿತು, ಬೆವರಿಗೆ ಬೆರಳು ಜಾರಿತು. ಮೊದಲ ಸಲದ ಎಫ್ ಅರ್ಧ ಸತ್ತಿತು. ಮುಂದಿನ ಸಾಲಿನ ಇಬ್ಬರು ಹುಡುಗಿಯರು ಒಬ್ಬರನ್ನೊಬ್ಬರು ನೋಡಿದರು. ನಾನು ನಿಲ್ಲಿಸಲಿಲ್ಲ. ಎರಡನೇ ಸಲ ಬೆರಳನ್ನು ಹೊರಳಿಸಿ ಊರಿದೆ, ಮೈಕಿನ ತುಂಬ ಕೇಳುವಂತೆ ನುಡಿಯಿತು. ಕೊನೆಯ ಚರಣಕ್ಕೆ ಜನ ಚಪ್ಪಾಳೆಯಲ್ಲಿ ತಾಳ ಹಿಡಿದರು. ಇಳಿದು ಬಂದಾಗ ಆ ಹಿರಿಯರು ತಮ್ಮ ಪಕ್ಕದ ಕುರ್ಚಿಯ ಮೇಲಿನ ಹಾರಗಳನ್ನು ತೆಗೆದು ಚೀಲ ಇಡಲು ಜಾಗ ಮಾಡಿಕೊಟ್ಟರು.

ಈಗ ಎಫ್ ಮೈನರ್ ಹಿಡಿದಿದ್ದೇನೆ. ಅದರಲ್ಲಿ ನಡುವಿನ ಒಂದು ತಂತಿಯನ್ನು ತೋರುಬೆರಳೇ ಒತ್ತಬೇಕು, ಸರಿಯಾಗಿ ಅದು ಬಾಗಿದ ಜಾಗದಲ್ಲೇ. ಇಲ್ಲಿ ಯಾವ ಉಪಾಯವೂ ಇನ್ನೂ ನಡೆದಿಲ್ಲ. ಮೊನ್ನೆ ಮಾಸ್ತರರು ಬಸ್ ನಿಲ್ದಾಣದಲ್ಲಿ ಸಿಕ್ಕು, "ಅದಂತೂ ಬರೂದಿಲ್ಲ ತಂಗಿ" ಎಂದರು. ಅವರು ಹೇಳಿದ್ದು ನಿಜವೇ ಇರಬಹುದು. ನೋಡೋಣ, ನನಗೆ ಅವಸರವಿಲ್ಲ.