ಬರಿಹೊಟ್ಟೆಗೆ ಒಂದೆಲಗ

ಒಂದೆಲಗದ ವಿಷಯಕ್ಕೆ ನನ್ನ ಹತ್ತಿರ ಯಾರೂ ವಾದಕ್ಕೆ ಬರಬೇಡಿ. ಆ ಸೊಪ್ಪು ತಿಂದೇ ನಾನು ಎಸ್‌ಎಸ್‌ಎಲ್‌ಸಿ ಪಾಸಾದದ್ದು. ಪರೀಕ್ಷೆಯ ತಿಂಗಳಿಡೀ ಅಮ್ಮ ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ತೇವದಲ್ಲಿ ಹಬ್ಬಿದ್ದ ಎಲೆಗಳನ್ನು ಕಿತ್ತು, ತೊಳೆದು, ಬರಿಹೊಟ್ಟೆಗೆ ಅಗಿಯಲು ಕೊಡುತ್ತಿದ್ದಳು. ಜ್ಞಾಪಕಶಕ್ತಿಗೆ ಅಂತ. ಬಾಯಿಹುಣ್ಣಿಗೂ ಅದೇ, ಮೈ ಉಷ್ಣಕ್ಕೂ ಅದೇ. ಕಾಯಿ, ಜೀರಿಗೆ, ಮೆಣಸಿನ ಜೊತೆ ರುಬ್ಬಿ ಮಜ್ಜಿಗೆ ಬೆರೆಸಿದರೆ ತಂಬುಳಿ. ಸಣ್ಣಗೆ ಹೆಚ್ಚಿ ನೆನೆದ ಹೆಸರುಬೇಳೆಗೆ ಹಾಕಿದರೆ ಕೋಸಂಬರಿ. ಈಗ ಜಯನಗರದ ಹೋಟೆಲಿನವರು ಅದನ್ನೇ ಸಲಾಡ್ ಅಂತ ಕೊಡುತ್ತಾರೆ, ಜನ ಫೋಟೊ ತೆಗೆದು ತಿನ್ನುತ್ತಾರೆ. ತಿನ್ನಲಿ.

ಅಮ್ಮನಿಗೆ ಮರೆವು ಶುರುವಾದಾಗ ನಾನು ಟೀಚರ್ ಕೆಲಸದಿಂದ ರಿಟೈರ್ ಆಗಿ ಬನಶಂಕರಿಯ ಮನೆಯಲ್ಲಿ ಕೂತಿದ್ದೆ. ಮನೆಯಲ್ಲಿ ನಾವಿಬ್ಬರೇ.

"ಇದು ಸೊಪ್ಪಿಗೆ ಬಗ್ಗೋ ಕಾಯಿಲೆ ಅಲ್ಲ ಮೇಡಂ," ಎಂದರು ಡಾಕ್ಟರು. "ತಿನ್ನಲಿ, ತೊಂದ್ರೆ ಇಲ್ಲ. ಆದ್ರೆ ಪ್ರಶ್ನೆ ಕೇಳಿ ಕೇಳಿ ಅವರನ್ನ ಗಾಬರಿ ಮಾಡ್ಬೇಡಿ."

ನನಗೆ ಉರಿದುಹೋಯಿತು. ಸರ್ವೀಸಿಡೀ ದಡ್ಡರನ್ನು ಪಾಸು ಮಾಡಿಸಿದವಳಿಗೆ ಈತ ಪಾಠ ಹೇಳುವುದೇ?

ಮರುದಿನದಿಂದಲೇ ಕ್ಲಾಸು ಆರಂಭಿಸಿದೆ. ಬೆಳಿಗ್ಗೆ ಎದ್ದ ಕೂಡಲೇ ಏಳು ಎಲೆ, ಅಗಿದು ನುಂಗಬೇಕು. ಆಮೇಲೆ ಮೂರು ಪ್ರಶ್ನೆ. ಇವತ್ತು ಯಾವ ವಾರ? ಅಪ್ಪ ಎಲ್ಲಿ? ನಾನು ಯಾರು? ಮೂರೂ ಸರಿಯಾದರೆ ಮಾತ್ರ ಕಾಫಿ. ಎದುರಿಗೇ ಲೋಟ ಇಟ್ಟಿರುತ್ತಿದ್ದೆ, ಹಬೆ ಆಡುತ್ತಿತ್ತು. "ಅಪ್ಪ ಆಫೀಸಿಗೆ ಹೋಗಿದಾರೆ" ಎಂದಳೋ, "ತೀರ್ಕೊಂಡ್ರು" ಅಂತ ಹತ್ತು ಸಲ ಹೇಳಿಸುತ್ತಿದ್ದೆ. ಪ್ರತಿ ಸಲವೂ ಅವಳಿಗೆ ಅದು ಹೊಸ ಸುದ್ದಿ. ಹತ್ತು ಸಲವೂ ಅಳುತ್ತಿದ್ದಳು. ನಾನು ಎಣಿಸುತ್ತಿದ್ದೆ.

"ಪಾಪ ಕಣ್ರೀ, ಕಾಫಿ ಕೊಟ್ಬಿಡಿ," ಎಂದರು ಪಕ್ಕದ ಮನೆಯಾಕೆ, ಕಾಂಪೌಂಡಿನ ಆಚೆಯಿಂದ.

"ನಿಮ್ಮ ಪಾಪ ನಿಮ್ಮನೇಲೇ ಇಟ್ಕೊಳ್ಳಿ," ಎಂದೆ.

ಒಂದು ತಿಂಗಳಾಗುವಷ್ಟರಲ್ಲಿ ಅಮ್ಮ ಸರಿಯಾಗಿ ಹೇಳತೊಡಗಿದಳು. ಸ್ವಲ್ಪ ತಡವರಿಸುವಳು, ಒಮ್ಮೆ ತಲೆ ತಗ್ಗಿಸುವಳು, ಆದರೆ ಮೂರಕ್ಕೆ ಮೂರೂ ಸರಿ! ನಾನು ನೆಲದ ಮೇಲೆ ನಿಲ್ಲಲಿಲ್ಲ. ಬೀದಿಗೆಲ್ಲ ಸಾರಿದೆ. ಆ ಪಕ್ಕದ ಮನೆಯಾಕೆಯೂ ಒಂದು ಬುಡ ಇಸಕೊಂಡು ಹೋಗಿ ಕುಂಡದಲ್ಲಿ ನೆಟ್ಟರು.

ಒಂದು ಸಂಜೆ ಅಮ್ಮನ ಸೀರೆಯ ನೆರಿಗೆ ಸರಿಮಾಡುವಾಗ ಸೊಂಟದಿಂದ ಚೀಟಿಯೊಂದು ಬಿತ್ತು. ಬೆವರಿಗೆ ಮೆತ್ತಗಾಗಿ, ಮಡಿಕೆಯಲ್ಲಿ ಹರಿದಿತ್ತು. ಇನ್ನೂ ನೆನಪಿದ್ದ ಯಾವುದೋ ಒಳ್ಳೆಯ ಗಳಿಗೆಯಲ್ಲಿ ಬರೆದಿಟ್ಟುಕೊಂಡದ್ದು. ಅವಳದೇ ದುಂಡು ಅಕ್ಷರ: "ವಾರ, ಬಾಗಿಲ ಹಿಂದಿನ ಕ್ಯಾಲೆಂಡರ್ ನೋಡು. ಅವರು ತೀರಿಕೊಂಡಿದ್ದಾರೆ. ಕೇಳುವವಳು ನನ್ನ ಮಗಳು. ಒಬ್ಬಳೇ ಮಗಳು. ಒಳ್ಳೆಯವಳು."

ಕೊನೆಯ ಪದವನ್ನು ನಾನು ಓದಿದೆ. ಓದಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಆದರೆ ಬೀದಿಗೆಲ್ಲ ಸಾರಿದ ಅವಮಾನ ನೆತ್ತಿಗೇರಿತ್ತು.

"ಕಾಪಿ ಹೊಡೀತೀಯಾ? ಈ ವಯಸ್ಸಲ್ಲಿ ನಾಚ್ಕೆ ಆಗಲ್ವಾ ನಿಂಗೆ?"

ಪರೀಕ್ಷೆ ಹಾಲಿನಲ್ಲಿ ಮಾಡುತ್ತಿದ್ದಂತೆ, ಅವಳ ಕಣ್ಣೆದುರೇ ಚೂರು ಚೂರು ಹರಿದು ಕಸದ ಡಬ್ಬಿಗೆ ಹಾಕಿದೆ. ಅಮ್ಮ ಡಬ್ಬಿಯನ್ನೇ ನೋಡುತ್ತ ನಿಂತಳು. "ಹೋಗಿ ಮಲ್ಕೋ," ಎಂದು ಗದರಿದೆ.

ಬೆಳಿಗ್ಗೆ ಏಳೂ ಎಲೆಗಳನ್ನು ಒಟ್ಟಿಗೇ ಬಾಯಿಗೆ ಹಾಕಿಕೊಂಡು ಗಬಗಬ ಅಗಿದಳು. ವಾರ ತಪ್ಪಿತು. ಅಪ್ಪ ಆಫೀಸಿಗೆ ಹೋಗಿದ್ದರು.

"ನಾನು ಯಾರು?"

ಅವಳ ಕೈ ಸೊಂಟಕ್ಕೆ ಹೋಯಿತು. ಮಡಿಕೆಗಳೊಳಗೆ ಬೆರಳಾಡಿಸಿದಳು. ಮತ್ತೆ ಸೊಂಟದ ಇನ್ನೊಂದು ಕಡೆ ಹುಡುಕಿದಳು. ಆಮೇಲೆ ಎದ್ದು ನಿಂತು ಎರಡೂ ಕೈ ಕಟ್ಟಿಕೊಂಡಳು.

"ಗೊತ್ತಿಲ್ಲ ಮೇಡಂ. ಕಾಫಿ ಬೇಡ, ಬಿಡಿ."

ನಾನು ಗೇಟಿನಾಚೆ ಇಟ್ಟಿದ್ದ ಡಬ್ಬಿಯ ಹತ್ತಿರ ಓಡಿದೆ. ಕಸದ ಗಾಡಿ ಬಂದು ಹೋಗಿ ಅರ್ಧ ಗಂಟೆಯಾಗಿತ್ತು.