ಕುದುರೆ ಒಂದೂರು, ಗಾಡಿ ಒಂದೂರು

ನಮ್ಮ ಅಡುಗೆಮನೆಯ ಮೇಲಿನ ಹಲಗೆಯಲ್ಲಿ, ಉಪ್ಪಿನಕಾಯಿ ಜಾಡಿಗಳ ಹಿಂದೆ, ಹಿಡಿಕೆಯಿಲ್ಲದ ಒಂದು ಅಲ್ಯುಮಿನಿಯಂ ಪಾತ್ರೆ ಇದೆ. ಒಂದು ಕಾಲಕ್ಕೆ ಅದು ನಮ್ಮ ಚಹಾಪಾತ್ರೆಯಾಗಿ ಬೆಳಗಿನ ಮೊದಲ ಮರ್ಯಾದೆ ಪಡೆಯುತ್ತಿತ್ತು. ಈಗ ಅದರ ತಳದಲ್ಲಿ ಜೇನಿನ ಬಣ್ಣದ ಒಂದು ಗಟ್ಟಿ ಕಲೆ ಕೂತಿದೆ. ಕಳಚಿದ ಕರಿಯ ಹಿಡಿಕೆ ಅದರ ಹೊಟ್ಟೆಯೊಳಗೇ ಮಲಗಿದೆ. ಇಂಥದ್ದನ್ನು ಗುಜರಿಗೆ ಹಾಕದೆ ಯಾಕೆ ಇಟ್ಟುಕೊಂಡಿದ್ದೀರಿ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಸರೋಜಾ ಅದನ್ನು ಕೇಳಿ ಕೇಳಿ ದಣಿದು ಸುಮ್ಮನಾಗಿದ್ದಾಳೆ. ನಿಮಗಾದರೂ ಉತ್ತರ ಹೇಳಿಬಿಡುತ್ತೇನೆ.

ನಾನು ಹುಟ್ಟಾ ಕಳವಳದ ಮನುಷ್ಯ. ಬಾಗಿಲಿಗೆ ಬೀಗ ಹಾಕಿ ಓಣಿಯ ತಿರುವಿನವರೆಗೆ ಹೋದವನು ಮರಳಿ ಬಂದು ಬೀಗವನ್ನು ಜಗ್ಗಿ ನೋಡುತ್ತೇನೆ. ಹೀಗೆ ಜಗ್ಗಿ ಜಗ್ಗಿ ಆ ಬೀಗ ಒಮ್ಮೆ ನನ್ನ ಕೈಗೇ ಬಂದಿತ್ತು. ಕಳ್ಳರು ಮಾಡಬೇಕಾದ ಕೆಲಸವನ್ನು ನಾನೇ ಮುಗಿಸಿಕೊಟ್ಟಿದ್ದೆ. ಇಂಥವನ ಕೈಗೆ ಶಕ್ತಿನಗರದ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕಿದ್ದ ಸರೋಜಾಳ ತಮ್ಮ ಒಂದು ಸಲ ಎರಡು ಪುಟ್ಟ ಕೊಳವೆಗಳ ಅಂಟನ್ನು ತಂದುಕೊಟ್ಟ. ಒಂದರದಿಷ್ಟು, ಇನ್ನೊಂದರದಿಷ್ಟು ಕಲಸಿ ಹಚ್ಚಿ ಬಿಟ್ಟರೆ ಬೆಳಗಾಗುವುದರೊಳಗೆ ಕಲ್ಲು. ಜಗತ್ತಿನಲ್ಲಿ ಸಡಿಲವಾದದ್ದೆಲ್ಲ ಬಿಗಿಯಾಗಲಿ ಎಂಬ ನನ್ನ ಅನುದಿನದ ಪ್ರಾರ್ಥನೆಗೆ ದೇವರು ಟ್ಯೂಬಿನಲ್ಲಿ ಉತ್ತರ ಕಳಿಸಿದ ಹಾಗಾಯಿತು. ಕೊಡದ ಕಿವಿ, ಕನ್ನಡಕದ ಕಾಲು, ಗಡಿಯಾರದ ಗಾಜು ಎಲ್ಲವನ್ನೂ ಅಂಟಿಸಿದೆ. ರೇಡಿಯೋದ ಸಡಿಲ ಗುಂಡಿಯನ್ನು ಅಂಟಿಸಿದ ಮೇಲೆ ಅದು ತಿರುಗುವುದನ್ನೇ ಬಿಟ್ಟು, ನಮ್ಮ ಮನೆಯಲ್ಲಿ ಒಂದೇ ಕೇಂದ್ರಕ್ಕೆ ನಿಷ್ಠವಾಯಿತು. ಚಹಾಪಾತ್ರೆಯ ಅಲುಗಾಡುವ ಹಿಡಿಕೆಗೂ ಹಚ್ಚಿದೆ. ಅದು ಮಾತ್ರ ಮರುದಿನ ಚಹಾ ಉಕ್ಕುವ ಹೊತ್ತಿಗೆ ಮೆತ್ತಗಾಗಿ ಕಳಚಿ, ಚಹಾ ಒಲೆಯ ಪಾಲಾಗಿ, ಹಿಡಿಕೆಯಷ್ಟೇ ಸರೋಜಾಳ ಕೈಯಲ್ಲಿ ಉಳಿಯಿತು. ಆಕೆ ಅದನ್ನು ಗದೆಯಂತೆ ಹಿಡಿದು ನನ್ನನ್ನು ನೋಡಿದ ನೋಟವನ್ನು ವರ್ಣಿಸಲಾರೆ.

ಆಗ ನಾವು ರಾಯಚೂರಿನಲ್ಲಿ ಬಾಡಿಗೆಗಿದ್ದ ಮನೆಗೂ ಪಕ್ಕದ ಮನೆಗೂ ನಡುವೆ ಎದೆಯೆತ್ತರದ ಒಂದು ಗೋಡೆ. ಆಚೆ ಹುಸೇನಬೀ. ಅವರ ತಂದೆ ದೇವದುರ್ಗದಲ್ಲಿ ಟಾಂಗಾ ಹೊಡೆಯುತ್ತಿದ್ದವರು. ಹೆಣ್ಣುಮಕ್ಕಳಿಬ್ಬರೂ ಚಿಕ್ಕವರಿದ್ದಾಗ ಯಾವನೋ ಎರಕದವನ ಕೈಯಲ್ಲಿ ಅಂಗೈಯಗಲದ ಒಂದು ಟಾಂಗಾ ಮಾಡಿಸಿದ್ದರು: ಸೀಸ ಬೆರೆಸಿ ಹೊಯ್ದ ಕುದುರೆ, ಪಿತ್ತಳೆಯ ಗಾಡಿ. ಕುದುರೆಗೆ ತಾವೇ ಕೆಂಪು ಬಣ್ಣ ಬಳಿದು, ಹಣೆಗೆ ಬೆಂಕಿಕಡ್ಡಿಯ ತುದಿಯಿಂದ ಒಂದು ಬಿಳಿಯ ಬೊಟ್ಟಿಟ್ಟಿದ್ದರು. ಹಿರಿಯಳಾದ ಹುಸೇನಬೀಯ ಮದುವೆ ರಾಯಚೂರಿಗೆ, ಕಿರಿಯಳಾದ ಜೈತುನಬೀಯ ಮದುವೆ ಮಾನ್ವಿಗೆ ಆದಾಗ ಅವರು ಕುದುರೆಯನ್ನು ಒಬ್ಬಳಿಗೆ, ಗಾಡಿಯನ್ನು ಇನ್ನೊಬ್ಬಳಿಗೆ ಕೊಟ್ಟುಬಿಟ್ಟರಂತೆ. ರಂಜಾನಿಗೆ ತಂಗಿ ಗಾಡಿ ಹಿಡಿದು ರಾಯಚೂರಿಗೆ ಬರಬೇಕು, ಬಕ್ರೀದಿಗೆ ಅಕ್ಕ ಕುದುರೆ ಹಿಡಿದು ಮಾನ್ವಿಗೆ ಹೋಗಬೇಕು. ಕುದುರೆಯ ಪಕ್ಕೆಗಳಲ್ಲಿ ಒಂದೊಂದು ಕೊಕ್ಕೆ; ಅವುಗಳ ಮೇಲೆ ಗಾಡಿಯಿಂದ ಮುಂದಕ್ಕೆ ಚಾಚಿದ ಎರಡು ದಾಂಡಿಗಳನ್ನು ಕೂರಿಸಿದರೆ ಟಾಂಗಾ ಪೂರ್ತಿ. ಹಬ್ಬ ಮುಗಿದ ಮೇಲೆ ಅವರವರ ಪಾಲು ಅವರವರ ಊರಿಗೆ. ಹೊಸದಾಗಿ ಈ ಸಂಗತಿ ಕೇಳಿದಾಗ ನನಗೆ ಅನ್ನಿಸಿದ್ದು ಒಂದೇ: ಛೇ, ಎಂಥ ಅಭದ್ರ ವ್ಯವಸ್ಥೆ! ದಾರಿಯಲ್ಲಿ ಒಂದು ಕಳೆದುಹೋದರೆ?

ಆ ವರ್ಷದ ರಂಜಾನಿನ ದಿನ ಸಂಜೆ, ತಂಗಿ ನೆಂಟರ ಮನೆಗೆ ಹೋಗಿದ್ದ ಹೊತ್ತು ನೋಡಿ ಹುಸೇನಬೀ ಗೋಡೆಯ ಮೇಲೆ ಟಾಂಗಾ ಇಟ್ಟರು.

"ಅಣ್ಣಾ, ನಿಮ್ಮ ಹತ್ರ ಕಲ್ಲಿನಂಥಾ ಅಂಟು ಅದಂತಲ್ಲ. ಇದನ್ನ ಜೋಡಿಸಿಕೊಡ್ರಿ. ಮತ್ತ ಬಿಚ್ಚಬಾರ್ದು ನೋಡ್ರಿ."

"ಯಾಕ್ರೀ ಯವ್ವಾ?"

"ನನ್ನ ಮಣಕಾಲು ನಾ ಹೇಳ್ದಂಗ ಕೇಳವಲ್ವು. ಬಸ್ ಹತ್ತಿ ಮಾನ್ವಿಗೆ ಹೋಗೂದು ಮುಗೀತು. ಎರಡೂ ಜೈತುನಬೀ ಮನ್ಯಾಗ ಇರ್ಲಿ. ನಾ ಹೋದಮ್ಯಾಲ ಕುದುರಿ ಒಂದು ಕಡಿ, ಗಾಡಿ ಒಂದು ಕಡಿ ಅನಾಥ ಆಗಬಾರ್ದು."

ಕಳವಳದ ಭಾಷೆ ನನಗೆ ಬೇಗ ಅರ್ಥವಾಗುತ್ತದೆ. ಇನ್ನೊಂದು ಮಾತು ಕೇಳದೆ ಅಂಟು ಕಲಸಿದೆ. ಬೆಳಿಗ್ಗೆ ನೋಡಿದರೆ ಟಾಂಗಾ ಒಂದೇ ಎರಕದಲ್ಲಿ ಹುಟ್ಟಿದಂತೆ ನಿಂತಿತ್ತು. ಹೆಮ್ಮೆಯಿಂದ ಗೋಡೆ ದಾಟಿಸಿದೆ.

ಆಮೇಲೆ ಬಂತು ನೋಡಿ ಸದ್ದು. ಮಧ್ಯಾಹ್ನದ ಬಸ್ಸಿಗೆ ಹೊರಡಲಿದ್ದ ಜೈತುನಬೀ ತನ್ನ ಗಾಡಿ ಎತ್ತಿಕೊಂಡರೆ ಕುದುರೆಯೂ ಜೊತೆಗೇ ಎದ್ದು ಬಂದಿದೆ. ಆ ಅಕ್ಕತಂಗಿಯರ ಜಗಳ ದಖನಿ ಉರ್ದುವಿನಲ್ಲಿ ಶುರುವಾಗುವುದು, ಓಣಿಯ ನ್ಯಾಯ ಬೇಕೆನಿಸಿದಾಗ ಕನ್ನಡಕ್ಕೆ ಬರುವುದು. ಅಂದು ಬಹಳ ಬೇಗ ಕನ್ನಡಕ್ಕೆ ಬಂತು; ಅಕ್ಕನನ್ನು ಕರೆಯುವ 'ಆಪಾ' ಮಾತ್ರ ದಖನಿಯಲ್ಲೇ ಉಳಿಯಿತು.

"ಕುದುರಿನೂ ನನಗ ಕೊಟ್ಟು ಕಳಸ್ತೀ ಏನು ಆಪಾ? ಅಂದ್ರ ನೀ ಇನ್ನ ನನ್ನ ಮನಿಗೆ ಬರೂದಿಲ್ಲ. ಇಲ್ಲಿ ಗಾಡಿ ಕಾಯೋ ಕುದುರಿನೂ ಇಲ್ಲ ಅಂದಮ್ಯಾಲ ನಾ ಬರೂದೂ ಬ್ಯಾಡ. ಬಾಯಿಲೆ ಹೇಳಾಕ ಆಗಲಾರದ್ದನ್ನ ಅಂಟಿಲೆ ಹೇಳೀದಿ!"

"ಹುಚ್ಚಿ, ನಿನ್ನ ಸಲುವಾಗಿ ಮಾಡಿಸೀನಿ."

"ನನ್ನ ಸಲುವಾಗಿ ಮಾಡ್ಸೂದಾದ್ರ ಬಿಚ್ಚಿಸು. ಇಲ್ಲಂದ್ರ ಇದನ್ನ ಒಯ್ಯಂಗಿಲ್ಲ, ಇನ್ನ ಈ ಹೊಸ್ತಿಲಾ ತುಳ್ಯಂಗಿಲ್ಲ." ಹಾಗೆಂದು ಜೈತುನಬೀ ಅದೇ ಹೊಸ್ತಿಲ ಮೇಲೆ ಕೂತುಬಿಟ್ಟರು.

ಹುಸೇನಬೀಯ ಮುಖ ಸಣ್ಣದಾಯಿತು. ತಂಗಿಯ ಕೈಗೆ ಆಸರೆಯೆಂದು ಕೊಟ್ಟದ್ದು ಬೀಳ್ಕೊಡುಗೆಯಾಗಿ ಕಂಡೀತೆಂದು ಆಕೆ ಎಣಿಸಿರಲಿಲ್ಲ. ಟಾಂಗಾ ಮತ್ತೆ ಗೋಡೆಯೇರಿತು. "ಅಣ್ಣಾ, ಬಿಚ್ಚಿಕೊಡ್ರಿ. ಆದ್ರ ಅಪ್ಪನ ಕುದುರಿಗೆ ಏನೂ ಆಗಬಾರ್ದು."

ಸ್ನೇಹಿತರೇ, ಕೂಡಿಸುವುದಕ್ಕೆ ಒಂದು ದಾರಿ ಸಾಕು. ಬಿಡಿಸುವುದಕ್ಕೆ ಕೂತವನಿಗೆ ಮಾತ್ರ ಕೆಡಿಸುವ ದಾರಿಗಳೆಷ್ಟು ಎಂಬುದು ಗೊತ್ತಾಗುತ್ತದೆ. ಸ್ಕ್ರೂಡ್ರೈವರಿನಿಂದ ಮೀಟಿದರೆ ಬೇವಿನ ಕಡ್ಡಿಯಷ್ಟು ತೆಳ್ಳಗಿನ ದಾಂಡಿಗಳು ಬಾಗುತ್ತವೆ. ಸ್ಟೋವಿನ ಉರಿಗೆ ಹಿಡಿದರೆ ಸೀಸದ ಕುದುರೆ ಕರಗಿ ಕೆರೆಯಾಗುತ್ತದೆ. ಉಗುರುಬಣ್ಣ ತೆಗೆಯುವ ದ್ರವ ಹಚ್ಚಿದರೆ ಅಂಟು ಬಿಡುತ್ತದೋ ಇಲ್ಲವೋ, ತಂದೆ ಬಳಿದ ಬಣ್ಣವಂತೂ ಬಿಡುತ್ತದೆ; ಹಣೆಯ ಆ ಬಿಳಿಯ ಬೊಟ್ಟನ್ನು ಮತ್ತೆ ಯಾರು ಇಟ್ಟುಕೊಡಬೇಕು? ನಾನು ಟಾಂಗಾದ ಸುತ್ತ ಸುತ್ತುತ್ತ ಬೆವರುತ್ತಿದ್ದೆ.

ಆಗ ಸರೋಜಾ ಹಿಡಿಕೆಯಿಲ್ಲದ ಪಾತ್ರೆಯಲ್ಲಿ ನೀರು ಕಾಯಿಸಿ, ಅರಿವೆಯಿಂದ ಹಿಡಿದು ತಂದಿಟ್ಟಳು. "ನೀವು ಹಚ್ಚಿದ್ದ ಹಿಡಿಕಿ ಯಾಕ ಬಿತ್ರೀ? ಬಿಸಿಗೇ ಅಲ್ಲೇನು? ಒಂದು ಸಲನಾರ ನಿಮ್ಮ ರಿಪೇರಿ ಕೆಟ್ಟಿದ್ದು ಉಪಯೋಗಕ್ಕ ಬರ್ಲಿ."

ಕುದುರೆಯ ತಲೆ ಮುಳುಗದಂತೆ, ಅಂಟಿದ ಪಕ್ಕೆಗಳಷ್ಟೇ ಬಿಸಿನೀರಿಗೆ ತಾಗುವಂತೆ ಓರೆಯಾಗಿ ಇಳಿಬಿಟ್ಟೆ. ಸ್ವಲ್ಪ ಹೊತ್ತು ಬಿಟ್ಟು ಎತ್ತಿ, ಕೌದಿ ಹೊಲಿಯುವ ಗಟ್ಟಿ ದಾರವನ್ನು ದಾಂಡಿಗೂ ಪಕ್ಕೆಗೂ ನಡುವಿನ ಸಂದಿಗೆ ತೂರಿಸಿ ಗರಗಸದಂತೆ ಮೆಲ್ಲಗೆ ಆಡಿಸಿದೆ. ಏನೂ ಆಗಲಿಲ್ಲ. ಮತ್ತೆ ನೀರು, ಮತ್ತೆ ದಾರ. ಅಂಟು ಬೆಲ್ಲದ ಪಾಕದ ಹಾಗೆ ಒಂದಿಷ್ಟು ಎಳೆಬಿಟ್ಟಿತು. ಗಟ್ಟಿಗನಾದವನು ಇಲ್ಲಿ ಒಂದು ಜಗ್ಗು ಜಗ್ಗಿ ದಾಂಡಿ ಮುರಿಯುತ್ತಿದ್ದ. ನನಗೆ ಆ ಧೈರ್ಯವಿಲ್ಲ. ದಾರ ಒಂದಿಷ್ಟು ತಡೆದರೂ ಹೆದರಿ ನಿಲ್ಲಿಸುತ್ತಿದ್ದೆ, ತಣ್ಣಗಾಯಿತೆನಿಸಿದರೆ ಮತ್ತೆ ನೀರಿಗಿಡುತ್ತಿದ್ದೆ. ಜೀವಮಾನವಿಡೀ ಎಲ್ಲರಿಂದ ಬೈಸಿಕೊಂಡ ಪುಕ್ಕಲುತನಕ್ಕೆ ಅಂದು ಮೊದಲ ಬಾರಿ ಉದ್ಯೋಗ ಸಿಕ್ಕಿತು. ಎಷ್ಟೋ ಹೊತ್ತಿನ ಮೇಲೆ ಒಂದು ದಾಂಡಿ ಸದ್ದಿಲ್ಲದೆ ಬಿಟ್ಟುಕೊಂಡಿತು.

ಎರಡನೆಯದಕ್ಕೆ ಕೈ ಸಾಲಲಿಲ್ಲ. ಸರೋಜಾ ಹೋಗಿ ಅಕ್ಕತಂಗಿಯರಿಬ್ಬರನ್ನೂ ಕರೆತಂದು ಎದುರುಬದುರು ಕೂರಿಸಿದಳು. ಹಿರಿಯಳಿಗೆ ಕುದುರೆ, ಕಿರಿಯಳಿಗೆ ಗಾಡಿ, ಇಬ್ಬರ ಕೈಯಲ್ಲೂ ಒದ್ದೆ ಅರಿವೆ. "ಜಗ್ಗಬ್ಯಾಡ್ರಿ, ಬರೇ ಹಿಡೀರಿ," ಎಂದೆ. ಮುಖ ನೋಡದೆ ಕೂತವರ ನಡುವೆ ನಾನು ದಾರ ಆಡಿಸತೊಡಗಿದೆ.

ಬಹಳ ಹೊತ್ತು ಸುಮ್ಮನಿರುವುದು ಆ ರಕ್ತಕ್ಕೆ ಒಗ್ಗದು.

"ಇದರ ಬಾಲದ ತುದಿ ಮುರಿದಾಕಿ ನೀನ," ಎಂದರು ಹುಸೇನಬೀ ಕುದುರೆಗೆ ಹೇಳುವಂತೆ.

"ನಾನ? ಕುದುರಿಗೆ ನೀರಡಿಸ್ಯಾದಂತ ಹಗ್ಗಾ ಕಟ್ಟಿ ಬಾವ್ಯಾಗ ಬಿಟ್ಟಾಕಿ ಯಾರು?"

"ನೀರಡಿಸ್ಯಾದಂತ ಅತ್ತಾಕಿ ನೀನು!"

"ಹಗ್ಗಾ ಬಿಚ್ಚಿ ಬಿದ್ದದ್ದನ್ನ ಅಪ್ಪ ಬಾವಿಗಿಳಿದು ತಗದಾಗ 'ಕುಡದೈತೇನಪ್ಪಾ?' ಅಂತ ಕೇಳಿ ಹೊಡಸ್ಕೊಂಡಾಕಿ ನೀನಲ್ಲ ಮತ್ತ?"

ಹುಸೇನಬೀಗೆ ನಗು ತಡೆಯಲಾಗಲಿಲ್ಲ. ಅವರ ನಗು ತಂಗಿಗೆ ಹತ್ತಿತು. ಇಬ್ಬರ ಕೈಗಳೂ ಗಡಗಡ ಅಲುಗತೊಡಗಿದವು. "ಅಲುಗಬ್ಯಾಡ್ರಿ, ದಾಂಡಿ ಹೋಗ್ತದ!" ಎಂದು ನಾನು ಕೂಗುತ್ತಲೇ ಇದ್ದೆ. ಕೂಗು ಮುಗಿಯುವಷ್ಟರಲ್ಲಿ ಅಕ್ಕನ ಕೈಯಲ್ಲಿ ಕುದುರೆ, ತಂಗಿಯ ಕೈಯಲ್ಲಿ ಗಾಡಿ. ದಾಂಡಿ ನೆಟ್ಟಗಿತ್ತು, ಬೊಟ್ಟು ಬಿಳಿಯಾಗಿತ್ತು. ಮೆತ್ತಗಿದ್ದ ಅಂಟನ್ನು ಬೇವಿನ ಕಡ್ಡಿಯಿಂದ ಕೆರೆದು ತೆಗೆದೆ. ಒಂದು ಚೂರು ಪಾತ್ರೆಗೆ ಬಿದ್ದು ತಳ ಕಚ್ಚಿತು.

ಹೊರಡುವಾಗ ಜೈತುನಬೀ ಗಾಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು, "ಬಕ್ರೀದಕ್ಕ ನೀ ಬರದಿದ್ರ ಬ್ಯಾಡ ಆಪಾ, ಕುದುರಿ ಬರ್ಬೇಕು," ಎಂದರು.

ಬಕ್ರೀದು ಬಂತು. ಮಾನ್ವಿಗೆ ಹೋಗುವುದು ಮುಗಿಯಿತೆಂದಿದ್ದ ಹುಸೇನಬೀ ಹೊಸ ಸೀರೆಯುಟ್ಟು ಗೋಡೆಯ ಬಳಿ ನಿಂತರು. "ಅಣ್ಣಾ, ಕುದುರಿ ಒಂದ ಹ್ಯಾಂಗ ಹೋದೀತು ಹೇಳ್ರಿ?" ಬಸ್ಸು ಹತ್ತಿಸಲೆಂದು ಹೋದ ನಾನು ಕಳವಳ ತಾಳದೆ ಮಾನ್ವಿಯವರೆಗೂ ಜೊತೆಗೇ ಹೋದೆ. ದಾರಿಯುದ್ದಕ್ಕೂ ನಾನು ಅವರ ಮಣಕಾಲನ್ನೂ ಬಸ್ಸಿನ ಚಾಲಕನನ್ನೂ ಕಾಯುತ್ತಿದ್ದೆ. ಅವರು ಮಡಿಲಿನ ಕುದುರೆಗೆ ಕಿಟಕಿಯಾಚೆಯ ಜೋಳದ ಹೊಲ ತೋರಿಸುತ್ತಿದ್ದರು. ಮಾನ್ವಿಯಲ್ಲಿ ಬಸ್ಸಿಗೆ ಎದುರಾಗಿ ಬಂದ ತಂಗಿ ನೋವು ನಲಿವು ಏನನ್ನೂ ವಿಚಾರಿಸಲಿಲ್ಲ.

"ಕುದುರಿ ಬಂತೇನು?"

"ಬಂತು. ಅದರ ಬೆನ್ನಿಗೆ ನಾನೂ ಬಂದೀನಿ. ಕೈ ಕೊಡು, ಇಳೀತೀನಿ."

ಇಳಿಯಲು ಚಾಚಿದ ಆ ಕೈಯನ್ನೂ ಹಿಡಿದ ಆ ಕೈಯನ್ನೂ ನೋಡುತ್ತ ನಾನು ಯೋಚಿಸಿದೆ: ದೇವದುರ್ಗದ ಆ ಟಾಂಗಾವಾಲಾ ನನ್ನಷ್ಟೇ ಕಳವಳದ ತಂದೆಯಾಗಿದ್ದಿರಬೇಕು. ಎರಡೂರಿಗೆ ಹೋಗುವ ಮಕ್ಕಳು ಎಲ್ಲಿ ದೂರವಾಗುತ್ತಾರೋ ಎಂಬ ಭಯ ಅವನಿಗೂ ಇತ್ತು. ನನ್ನ ಕಳವಳ ಅಂಟು ಹುಡುಕಿತು, ಅವನ ಕಳವಳ ಕೊಕ್ಕೆ ಇಡಿಸಿತು. ಅಂಟಿಕೊಂಡೇ ಇರುವುದನ್ನು ಕೂಡಿಸಲು ಯಾರೂ ಬಸ್ಸು ಹತ್ತಿ ಹೋಗಬೇಕಾಗಿಲ್ಲವಲ್ಲ.

ಬೀಗವನ್ನು ನಾನು ಈಗಲೂ ಜಗ್ಗಿ ನೋಡುತ್ತೇನೆ, ಹುಟ್ಟುಗುಣ. ಅದು ಬಿಗಿಯಾಗಿದೆಯೆಂದು ಖಾತ್ರಿಯಾದ ಮೇಲೆ ಅಡುಗೆಮನೆಗೆ ಹೋಗಿ, ಉಪ್ಪಿನಕಾಯಿ ಜಾಡಿ ಸರಿಸಿ, ಆ ಪಾತ್ರೆಯನ್ನೂ ಒಮ್ಮೆ ಅಲುಗಿಸಿ ನೋಡುತ್ತೇನೆ. ಒಳಗೆ ಹಿಡಿಕೆ ಲಟಲಟ ಅನ್ನುತ್ತದೆ. ಇನ್ನೂ ಸಡಿಲವಾಗಿಯೇ ಇದೆ ಎಂದು ಸಮಾಧಾನವಾಗುತ್ತದೆ.