ಮನುಮೆಯಾಗೆ ಕಿವಿಗೊಟ್ಟ ಅಪೆಲು

ಉಪೋಲು ದ್ವೀಪದ ತೆಂಕಣ ದಂಡೆಯ ವಾಯಿತೋಲು ಊರಿನಲ್ಲಿ ಯಾರಿಗೇ ಆಗಲಿ, ಕಾಡಿನಲ್ಲಿ ಮನುಮೆಯಾ ಹಕ್ಕಿ ಕೂಗಿದ ಹಾಗೆ ಕೇಳಿಸಿತು ಅನ್ನಿ, ಅವರು ನೇರ ಅಪೆಲುವಿನ ಮನೆಗೆ ಬರುತ್ತಿದ್ದರು. ಕೆಸುವಿನ ಗೆಡ್ಡೆ ಕೀಳುವುದನ್ನು ಅರ್ಧಕ್ಕೇ ಬಿಟ್ಟು ಮಣ್ಣುಗೈಯಲ್ಲೇ ಬಂದವರುಂಟು, ಪ್ರಾರ್ಥನೆಗೆ ಹೊರಟ ಬಿಳಿ ಬಟ್ಟೆಯಲ್ಲಿ ಬಂದವರುಂಟು. ಬಂದವರು ಕೂಗನ್ನು ಬಾಯಲ್ಲಿ ಮಾಡಿ ತೋರಿಸುವರು. ಅಪೆಲು ಕೇಳಿಸಿಕೊಳ್ಳುವನು, ಎದ್ದು ಮೊಣಕಾಲು ನೀವಿಕೊಳ್ಳುವನು, ಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಗುಡ್ಡ ಹತ್ತುವನು. ಎರಡು ಗಂಟೆಯ ಏರು. ಮೇಲೆ ಹೋಗಿ ಮರದ ಬುಡದಲ್ಲಿ ಕೂತು ಅರ್ಧ ದಿನ ಕಾದರೆ ಕೊನೆಗೆ ಕೂಗುತ್ತಿದ್ದದ್ದು ಲೂಪೆ. ಲೂಪೆಯೆಂದರೆ ಎಲ್ಲ ಕಡೆ ಇರುವ ಸಾಮಾನ್ಯ ಕಾಡುಪಾರಿವಾಳ. ಮನುಮೆಯಾವೂ ಪಾರಿವಾಳದ ಕುಲವೇ, ಆದರೆ ಸಮೋವಾ ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಇಲ್ಲ. ಗಿಣಿಯ ಹಾಗೆ ಬಾಗಿದ ಕೆಂಪು ಕೊಕ್ಕು, ಕೆಳಕೊಕ್ಕಿಗೆ ಗರಗಸದಂಥ ಹಲ್ಲು. ಕೂಗು ಮಾತ್ರ ಹೆಚ್ಚುಕಡಿಮೆ ಲೂಪೆಯದೇ. ಒಂದು ಉಸಿರು ಉದ್ದ, ಅಷ್ಟೇ. ಆ ಒಂದು ಉಸಿರಿನ ವ್ಯತ್ಯಾಸ ಹಿಡಿಯುವುದೇ ಹದಿನಾಲ್ಕು ವರ್ಷದಿಂದ ಅಪೆಲುವಿನ ಕೆಲಸವಾಗಿತ್ತು.

"ಎಲ್ಲಾರೂ ಹೇಳ್ತಾರೆ ನನ್ನ ಗಂಡ ಕಾಡಲ್ಲಿ ಇನ್ನೊಬ್ಬಳನ್ನ ಇಟ್ಕೊಂಡಿದಾನೆ ಅಂತ," ಎನ್ನುತ್ತಿದ್ದಳು ಅವನ ಹೆಂಡತಿ ಎಪೇನೆಸಾ. "ಇಟ್ಕೊಂಡಿದ್ರೆ ಒಂದಿನ ಮುಖನಾದ್ರೂ ತೋರಿಸ್ತಿದ್ಳು. ಇವಳು ಹದಿನಾಲ್ಕು ವರ್ಷದಿಂದ ಬರೀ ಆಡಿಸ್ತಿದಾಳೆ."

ಅಪೆಲುವಿಗೆ ಐವತ್ತೊಂಬತ್ತು. ಮನೆತನದ ಯಜಮಾನ ಪದವಿ ಅವನಿಗೆ ಸಿಗಲಿಲ್ಲ. ಅಣ್ಣನಿಗೆ ಹೋಯಿತು, ಅಣ್ಣ ತೀರಿದ ಮೇಲೆ ಅಣ್ಣನ ಮಗನಿಗೆ. ಊರ ಯಜಮಾನರ ಸಭೆ ಕೂತಾಗ ಒಬ್ಬೊಬ್ಬರಿಗೆ ಒಂದೊಂದು ಕಂಬ, ಬೆನ್ನು ಕೊಟ್ಟು ಕೂರಲು. ಅಪೆಲುವಿಗೆ ಕಂಬವಿರಲಿಲ್ಲ. ಹೊರಗಡೆ ಕೂತು ಕರೆದರೆ ಹೋಗುವವನು. ಪ್ರಾಯದಲ್ಲಿ ಅವನನ್ನು ಕರೆಯುತ್ತಿದ್ದದ್ದು ಒಂದೇ ಕೆಲಸಕ್ಕೆ, ಪಾರಿವಾಳ ಹೊಡೆಯಲು. ದೊಡ್ಡ ನೆಂಟರು ಬಂದರೆ, ಪಾದ್ರಿಗಳಿಗೆ ಭಾನುವಾರದ ಊಟವಾದರೆ, ತಟ್ಟೆಯಲ್ಲಿ ಪಾರಿವಾಳ ಇಲ್ಲದಿದ್ದರೆ ಊರಿನ ಮರ್ಯಾದೆ ಉಳಿಯದು. ಎರಡು ಅಂಗೈ ಬೊಗಸೆ ಮಾಡಿ ಅವನು ಊದಿದರೆ ಲೂಪೆ ಎದುರು ಕೊಂಬೆಗೆ ಬಂದು ಕೂರುತ್ತಿತ್ತು.

ಅವನಿಗೆ ಇಪ್ಪತ್ತು ದಾಟಿದ ಕಾಲದಲ್ಲಿ ಒಂದರ ಹಿಂದೊಂದು ವರ್ಷ ಎರಡು ಚಂಡಮಾರುತ ಬಂದವು. ಕಾಡಿನಲ್ಲಿ ಎಲೆ ಉಳಿಯಲಿಲ್ಲ, ಹಣ್ಣು ಉಳಿಯಲಿಲ್ಲ. ಹಸಿದ ಹಕ್ಕಿಗಳು ಗುಡ್ಡ ಇಳಿದು ಮನೆಯಂಗಳಕ್ಕೆ, ಮುರಿದುಬಿದ್ದ ದೀವಿಹಲಸಿನ ಕೊಂಬೆಗಳಿಗೆ ಬಂದವು. ಹಾರಲು ತ್ರಾಣವಿಲ್ಲ. ಜನಕ್ಕೂ ಹಸಿವು. ಕೋವಿ ಬೇಕಾಗಲಿಲ್ಲ, ಕೋಲು ಸಾಕಾಯಿತು. ಆ ಒಂದು ವಾರದಲ್ಲಿ ಅಪೆಲು ಹೊಡೆದದ್ದರಲ್ಲಿ ಕೆಂಪು ಕೊಕ್ಕಿನವು ನಾಲ್ಕಿದ್ದವು. ತೆಂಗಿನ ಹಾಲಿನಲ್ಲಿ ಬೇಯಿಸಿದರು, ಅಮ್ಮ ಉಂಡಳು, ಅಣ್ಣ ಉಂಡ, ಅವನೂ ಉಂಡ. ಅದಾದ ಮೇಲೆ ಕೆಂಪು ಕೊಕ್ಕನ್ನು ಅವನು ಕಂಡದ್ದು ಇನ್ನೆರಡೇ ಸಲ, ಅದೂ ಈ ಕೆಲಸಕ್ಕೆ ಸೇರುವ ಮುಂಚೆ. ಆ ನಾಲ್ಕರ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳಬಾರದೆಂದಲ್ಲ, ಊರಲ್ಲಿ ಎಲ್ಲರೂ ಹೊಡೆದಿದ್ದರು, ಯಾರೂ ಹೇಳುತ್ತಿರಲಿಲ್ಲ.

ಹಕ್ಕಿ ಉಳಿಸುವ ಯೋಜನೆಯವರು ಆಪಿಯಾ ಪಟ್ಟಣದಿಂದ ಬಂದು ಕೂಗು ಗುರುತಿಸಬಲ್ಲವನು ಬೇಕೆಂದಾಗ ಊರೆಲ್ಲ ಅವನತ್ತ ಬೆರಳು ತೋರಿಸಿತು. ಹದಿನಾಲ್ಕು ವರ್ಷದಲ್ಲಿ ಮೂರು ಜನ ಅಧಿಕಾರಿಗಳು ಬದಲಾದರು. ಈಗಿನವಳು ಅಲಿಸಿ, ಮೂವತ್ತರ ಹುಡುಗಿ, ಮಾತು ಕಡಿಮೆ, ಕಾಲು ಗಟ್ಟಿ. ಮರಗಳಿಗೆ ಶಬ್ದ ಹಿಡಿಯುವ ಪೆಟ್ಟಿಗೆ ಕಟ್ಟುವುದು, ಬೆಕ್ಕು ಇಲಿಗಳಿಗೆ ಬೋನು ಇಡುವುದು, ಹೊರಗಿಂದ ಬಂದು ಕಾಡನ್ನೇ ನುಂಗುತ್ತಿದ್ದ ಮರಗಳ ತೊಗಟೆ ಸುತ್ತ ಸೀಳಿ ಒಣಗಿಸುವುದು, ಇಷ್ಟು ಅವರಿಬ್ಬರ ಕೆಲಸ. ಮಾಡಿದಷ್ಟೂ ಇಲಿ ಹುಟ್ಟುತ್ತಿದ್ದವು, ಮರ ಚಿಗುರುತ್ತಿದ್ದವು. ಪೆಟ್ಟಿಗೆಗಳಲ್ಲಿ ಮಳೆಯ ಸದ್ದು ಇರುತ್ತಿತ್ತು, ಲೂಪೆಯ ಕೂಗು ಇರುತ್ತಿತ್ತು.

ಹದಿನಾಲ್ಕನೆಯ ವರ್ಷ, ಆಗಸ್ಟಿನ ಒಂದು ಬೆಳಿಗ್ಗೆ ಅಪೆಲು ಒಬ್ಬನೇ ಗುಡ್ಡದ ಏಣಿನ ಮೇಲೆ ಕೂತಿದ್ದ. ತಂದಿದ್ದ ಬೆಂದ ದೀವಿಹಲಸನ್ನು ಬಿಚ್ಚುತ್ತಿರುವಾಗ ಕೆಳಗಿನ ಕಣಿವೆಯಿಂದ ಕೂಗು ಬಂತು. ತಗ್ಗು ದನಿ. ಮುಗಿಯಬೇಕಾದಲ್ಲಿ ಮುಗಿಯದೆ ಇನ್ನೂ ಒಂದು ಉಸಿರು ಮುಂದಕ್ಕೆ ಹೋಯಿತು. ಅವನು ಕೈಯಲ್ಲಿದ್ದ ತುತ್ತನ್ನು ಬಾಯಿಗೂ ಇಡಲಿಲ್ಲ, ಕೆಳಗೂ ಇಡಲಿಲ್ಲ. ಎರಡನೆಯ ಸಲ ಕೂಗಿತು. ಮೂರನೆಯದು ಬರಲಿಲ್ಲ.

ಅಲಿಸಿ ಮರುದಿನವೇ ಬಂದಳು. ಆ ಕಣಿವೆಯ ಪೆಟ್ಟಿಗೆಯ ತಂತಿಯನ್ನು ಇಲಿ ಕಡಿದುಹಾಕಿತ್ತು.

"ನಿಮ್ಮ ಮಾತನ್ನ ನಾನು ನಂಬ್ತೀನಿ ಮಾವ," ಎಂದಳು ಅಲಿಸಿ. ತಂದೆಯ ವಯಸ್ಸಿನವನೆಂದು ಅವನನ್ನು ಹಾಗೇ ಕರೆಯುತ್ತಿದ್ದಳು. "ಆದ್ರೆ ವರದಿಯಲ್ಲಿ 'ಖಚಿತವಾಗಿಲ್ಲ' ಅಂತಲೇ ಬರೀಬೇಕು."

"ಬರಿ."

"ಬೇಜಾರಾ?"

"ಬೇಜಾರಾಗೋಕೂ ಶಕ್ತಿ ಬೇಕಮ್ಮ. ಬರಿ."

ಆಮೇಲೆ ಅವಳು ಕಿವಿ ಪರೀಕ್ಷೆ ಮಾಡಿಸೋಣವೇ ಎಂದು ಕೇಳಿದಳು. ಅದು ಅನುಮಾನವೆಂದು ಅಪೆಲುವಿಗೆ ಗೊತ್ತಾಯಿತು. ಒಲ್ಲೆನೆನ್ನಲಿಲ್ಲ. ಆಪಿಯಾದಲ್ಲಿ ನರ್ಸಮ್ಮ ಅವನ ಕಿವಿಗೆ ಯಂತ್ರ ಹಾಕಿ, ಕೇಳಿಸಿದಾಗ ಕೈಯೆತ್ತಲು ಹೇಳಿದಳು. ಎಷ್ಟೋ ಹೊತ್ತು ಅವನು ಕೈಯೆತ್ತಲೇ ಇಲ್ಲ. ಆಮೇಲೆ ಬಿಡದೆ ಎತ್ತಿದ.

"ಕೋವಿ ಹಾರಿಸ್ತಿದ್ರಾ ತಾತ?" ಎಂದು ಕೇಳಿದಳು ನರ್ಸಮ್ಮ. "ಸಣ್ಣ ದನಿ, ಚೂಪು ದನಿ ಎಲ್ಲ ಹೋಗ್ಬಿಟ್ಟಿದೆ. ತಗ್ಗು ದನಿ ಮಾತ್ರ ಹುಡುಗರ ಹಾಗೆ ಕೇಳಿಸುತ್ತೆ."

ಮನುಮೆಯಾ ಕೂಗುವುದು ತಗ್ಗು ದನಿಯಲ್ಲಿ. ಅಲಿಸಿಯ ಮುಖ ಅರಳಿತು. ಅಪೆಲು ಬೇರೇನೋ ಯೋಚಿಸುತ್ತಿದ್ದ. ಐದಾರು ವರ್ಷದಿಂದ ಕಾಡಿನಲ್ಲಿ ಪುಟ್ಟ ಜೇನುಹಕ್ಕಿಗಳ ಚಿಲಿಪಿಲಿ ನಿಂತುಹೋಗಿತ್ತು. ಅವೂ ಅಳಿದವೆಂದು ಅವನು ಒಳಗೊಳಗೇ ನೊಂದಿದ್ದ.

"ಹಾಗಾದ್ರೆ ಆ ಸಣ್ಣವು ಇದಾವಾ?" ಎಂದು ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದ.

"ಬೇಕಾದಷ್ಟಿವೆ ಮಾವ. ಬೆಳಿಗ್ಗೆ ಎದ್ರೆ ಕಿವಿ ಚಿಟ್ಟು ಹಿಡಿಯುತ್ತೆ."

ಅವನು ತಲೆಯಾಡಿಸಿ ಕಿಟಕಿಯಾಚೆ ನೋಡಿದ.

ಖಚಿತವಾಗದಿದ್ದರೂ ಸುದ್ದಿ ಹಬ್ಬಿತ್ತು. ಊರ ಹೊಳೆಯಿಂದ ಮೇಲಕ್ಕಿರುವ ಕಾಡಿನಲ್ಲಿ ಯಾವ ಪಾರಿವಾಳವನ್ನೂ ಹೊಡೆಯಬಾರದೆಂದು ಕಟ್ಟಳೆ ಮಾಡಬೇಕೆಂದು ಅಲಿಸಿ ಸಭೆಯನ್ನು ಕೇಳಿಕೊಂಡಳು. ಮನುಮೆಯಾವನ್ನು ಬೇಕೆಂದು ಯಾರೂ ಹೊಡೆಯುವುದಿಲ್ಲ. ಲೂಪೆಗೆ ಗುರಿಯಿಟ್ಟಾಗ ಎಲೆಯ ಮರೆಯಲ್ಲಿ ಅದೂ ಬೀಳುತ್ತದೆ. ಹಿರಿಯ ಯಜಮಾನ ತೌತೋಲೋ ಅಪೆಲುವನ್ನು ಒಳಗೆ ಕರೆಸಿದರು.

"ನೀನು ಕೇಳಿದ್ದು ನಿಜವೇನಯ್ಯ?"

"ಕೇಳಿದೆ ಯಜಮಾನ್ರೇ. ನೋಡ್ಲಿಲ್ಲ. ನೋಡಿದೆ ಅಂತ ಹೇಳಿದ್ರೆ ಸುಳ್ಳಾಗುತ್ತೆ."

ಎಪೇನೆಸಾಳ ತಮ್ಮ ಲಾಫಾಯಿಗೂ ಅಲ್ಲೊಂದು ಕಂಬವಿತ್ತು. ಅವನು ಕೆಮ್ಮಿ ಗಂಟಲು ಸರಿಮಾಡಿಕೊಂಡ. "ನಮ್ಮ ಭಾವ ಸತ್ಯವಂತ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಯಾರಿಗೂ ಕಾಣದ ಹಕ್ಕಿಗೋಸ್ಕರ ಕಾಣೋ ಹಕ್ಕಿ ಬಿಡ್ಬೇಕಲ್ಲ, ನಾಳೆ ನೆಂಟರ ಎಲೆಗೆ ಏನು ಹಾಕೋದು? ಡಬ್ಬಿ ಮೀನಾ?"

ನಕ್ಕರು. ಆದರೂ ಕೊನೆಗೆ ತೌತೋಲೋ ಮೂರು ವರ್ಷದ ಕಟ್ಟಳೆ ಹಾಕಿದರು. ಲಾಫಾಯಿಯೂ ಸೇರಿ ಎಲ್ಲರೂ ಒಪ್ಪಿ, ಒಪ್ಪಿಗೆಯ ಗುರುತಾಗಿ ತೆಂಗಿನ ಚಿಪ್ಪಿನಲ್ಲಿ ಆವಾ ಪಾನೀಯ ಕುಡಿದರು.

ಒಂಬತ್ತು ತಿಂಗಳ ಮೇಲೆ, ಮೇ ತಿಂಗಳ ಒಂದು ಶನಿವಾರ ಮಧ್ಯಾಹ್ನ, ಅಪೆಲು ಕಲ್ಲೊಲೆಗೆ ಸೌದೆ ಜೋಡಿಸುತ್ತಿದ್ದಾಗ ಲಾಫಾಯಿ ಹಿತ್ತಿಲ ಕಡೆಯಿಂದ ಬಂದ. ಯಜಮಾನನಾದವನು ಹಿತ್ತಿಲಿಂದ ಬರುವವನಲ್ಲ. ಕೈಯಲ್ಲಿ ಕೆಸುವಿನೆಲೆಯ ಕಟ್ಟಿತ್ತು.

"ಭಾವ, ಇದನ್ನೊಂಚೂರು ನೋಡು."

ಅಪೆಲು ಬಿಚ್ಚಿದ. ಬೆನ್ನು ಕಂದುಗೆಂಪು. ಕೊಕ್ಕು ಬಾಗಿತ್ತು, ಪೂರ್ತಿ ಕೆಂಪಾಗಿರಲಿಲ್ಲ, ಬುಡದಲ್ಲಿ ಮಾತ್ರ ಬಣ್ಣ ಏರುತ್ತಿತ್ತು. ಅವನು ಹೆಬ್ಬೆರಳಿನಿಂದ ಕೆಳಕೊಕ್ಕಿನ ಅಂಚನ್ನು ಸವರಿದ. ಹಲ್ಲು ಬೆರಳಿಗೆ ತಗುಲಿತು.

"ನಾಳೆ ಸವಾಯಿ ದ್ವೀಪದಿಂದ ದೊಡ್ಡ ನೆಂಟರು ಬರೋರಿದ್ರು," ಎಂದ ಲಾಫಾಯಿ. "ಲೂಪೆ ಅಂದ್ಕೊಂಡೆ. ಬಿಸಿಲಿಗೆ ಎದುರಾಗಿ ಕೂತಿತ್ತು, ಬರೀ ಕಪ್ಪಗೆ ಕಾಣ್ತು. ಬಿದ್ಮೇಲೆ ಎತ್ಕೊಂಡೆ..."

ಅಪೆಲು ಸೌದೆಯ ಮೇಲೆ ಕೂತುಬಿಟ್ಟ. ಹದಿನಾಲ್ಕು ವರ್ಷವೂ ಅವನು ಈ ಹಕ್ಕಿಯನ್ನು ಕೈಯಳತೆಯಲ್ಲಿ ನೋಡುವ ಆಸೆ ಇಟ್ಟುಕೊಂಡಿರಲಿಲ್ಲ. ಮರದ ತುದಿಯಲ್ಲಿ ಕಂಡರೂ ಸಾಕಿತ್ತು. ಈಗ ಅದು ಮಡಿಲಲ್ಲಿತ್ತು, ಇನ್ನೂ ಬೆಚ್ಚಗಿತ್ತು. ಸಿಟ್ಟು ಬರಬೇಕಿತ್ತು. ಬಂದದ್ದು ಸಿಟ್ಟಲ್ಲ, ಮೂಳೆಯೊಳಗಿನ ದಣಿವು, ಅಲ್ಲೇ ಮಲಗಿಬಿಡೋಣ ಅನ್ನಿಸುವಂಥದ್ದು.

"ಮರಿ ಇದು," ಎಂದ ಕೊಕ್ಕಿನ ಬುಡ ತೋರಿಸಿ. "ಈ ವರ್ಷದ್ದು."

"ಅಂದ್ರೆ?"

"ಅಂದ್ರೆ ಇದರ ಅಪ್ಪ ಅಮ್ಮ ಮೇಲಿದಾವೆ."

ಎಪೇನೆಸಾ ಅಡುಗೆ ಕಡೆಯಿಂದ ಬಂದು ನಿಂತಿದ್ದಳು. ಅಕ್ಕನನ್ನು ಕಂಡ ಕೂಡಲೇ ಲಾಫಾಯಿ ತಲೆ ತಗ್ಗಿಸಿದ. ಸಮೋವಾದಲ್ಲಿ ಅಕ್ಕನ ಮುಂದೆ ತಮ್ಮನಿಗೆ ಪದವಿಯೂ ಇಲ್ಲ, ಕಂಬವೂ ಇಲ್ಲ.

"ಸುಟ್ಟು ತಿಂದ್ಬಿಟ್ಟಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ," ಎಂದಳು ಎಪೇನೆಸಾ ಮೆಲ್ಲಗೆ. "ಇಲ್ಲಿಗ್ಯಾಕೆ ತಂದೆ?"

"ತಿನ್ನೋಕಾಗ್ಲಿಲ್ಲ ಅಕ್ಕ."

"ಇಲ್ಲಿ ತನಕ ತಂದಿದೀಯ. ಇನ್ನು ಸಭೆ ತನಕ ತಗೊಂಡ್ ಹೋಗು."

ಲಾಫಾಯಿ ಅಪೆಲುವಿನ ಮುಖ ನೋಡಿದ, ಭಾವನಾದರೂ ಬೇಡವೆನ್ನಲಿ ಎಂಬ ಹಾಗೆ. ಬೇಡವೆನ್ನುವ ಮನಸ್ಸು ಅಪೆಲುವಿಗೂ ಇತ್ತು. ಹೆಂಡತಿಯ ತಮ್ಮ, ಕಟ್ಟಳೆ ಹಾಕಿದವರಲ್ಲೇ ಒಬ್ಬ. ಊರು ವರ್ಷಗಟ್ಟಲೆ ಆಡಿಕೊಳ್ಳುತ್ತದೆ. ಆದರೆ ಹಕ್ಕಿಯನ್ನು ಮುಚ್ಚಿಟ್ಟರೆ ಅದರ ಅಪ್ಪ ಅಮ್ಮ ಇದ್ದಾವೆಂದು ಯಾರಿಗೂ ತಿಳಿಯುವುದಿಲ್ಲ.

"ನಾನೂ ಬರ್ತೀನಿ ನಡಿ," ಎಂದ.

ಸೋಮವಾರ ಬೆಳಿಗ್ಗೆ ಸಭೆ ಕೂತಿತು. ಲಾಫಾಯಿ ತನ್ನ ಕಂಬಕ್ಕೆ ಹೋಗದೆ ನಡುವೆ ಚಾಪೆಯ ಮೇಲೆ ಕೂತ. ಮಂಜುಗಡ್ಡೆಯಲ್ಲಿ ಇಟ್ಟಿದ್ದ ಹಕ್ಕಿಯನ್ನು ಎದುರಿಗಿಟ್ಟರು. ಎಷ್ಟೋ ಜನ ಯಜಮಾನರು ಅದನ್ನು ಹುಟ್ಟಿದಂದಿನಿಂದ ಕಂಡಿರಲಿಲ್ಲ; ಕುತ್ತಿಗೆ ಚಾಚಿ ನೋಡಿದರು. ಒಬ್ಬರು ಕಠಿಣವಾಗಿ ಮಾತಾಡಿದರು. ಇಂಥವನಿಗೆ ಪದವಿ ಯಾಕೆ, ಕಿತ್ತುಕೊಳ್ಳಿ ಎಂದರು. ಇನ್ನೊಬ್ಬರು ಹೌದೆಂದರು. ಆಗ ಹೊರಗೆ ಕೂತಿದ್ದ ಅಪೆಲು, ಯಾರೂ ಕರೆಯದಿದ್ದರೂ, ಮಾತಾಡಲು ಅಪ್ಪಣೆ ಬೇಡಿದ.

"ಇವನು ಒಂದು ಹೊಡೆದ. ನಾನು ನಾಲ್ಕು ಹೊಡೆದಿದೀನಿ," ಎಂದ. "ಗಾಳಿ ಬಂದ ವರ್ಷ. ಇವನು ಲೂಪೆ ಅಂದ್ಕೊಂಡು ಹೊಡೆದ. ನಾನು ಗೊತ್ತಿದ್ದೇ ಹೊಡೆದೆ. ಕೋಲಲ್ಲಿ."

ಆ ವರ್ಷವನ್ನು ಕಂಡ ಹಿರಿಯರು ನೆಲ ನೋಡುತ್ತಿದ್ದರು. ತೌತೋಲೋ ಬೀಸಣಿಗೆಯನ್ನು ಪಕ್ಕಕ್ಕಿಟ್ಟರು.

"ನಾನು ಆರು," ಎಂದರು.

ಲಾಫಾಯಿಯ ಪದವಿ ಉಳಿಯಿತು. ದಂಡವಾಗಿ ಎರಡು ದೊಡ್ಡ ಹಂದಿ ಕೊಟ್ಟ. ಕೋವಿಯನ್ನು ತೌತೋಲೋರ ಮನೆಯಲ್ಲಿ ಬಿಟ್ಟ. ಮೂರು ವರ್ಷದ ಕಟ್ಟಳೆ ಹತ್ತಕ್ಕೇರಿತು. ಪಕ್ಕದ ಎರಡು ಊರಿನವರೂ ತಮ್ಮ ಕಡೆಯ ಕಾಡಿಗೆ ಅದನ್ನೇ ಹಾಕಿಕೊಂಡರು. ಅಲಿಸಿ ಹಕ್ಕಿಯನ್ನು ಮಂಜಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಆಪಿಯಾಗೆ ಹೋದಳು. ಈ ಸಲ 'ಖಚಿತ' ಎಂದು ಬರೆದಳು. ಬರೆಯುವಾಗ ಕಣ್ಣು ತುಂಬಿಕೊಂಡವೆಂದು ಅವಳೇ ಆಮೇಲೆ ಹೇಳಿದಳು. ಸಂತೋಷಕ್ಕೋ ದುಃಖಕ್ಕೋ ಅವಳಿಗೂ ತಿಳಿಯಲಿಲ್ಲವಂತೆ.

ಆಮೇಲೂ ಪೆಟ್ಟಿಗೆಗಳಲ್ಲಿ ಮಳೆಯೇ ಬಂತು. ಆ ಜೋಡಿ ಬೇರೆ ಕಣಿವೆಗೆ ಹೋಯಿತೋ, ಬೆಕ್ಕು ಹಿಡಿಯಿತೋ, ಸುಮ್ಮನೆ ಕೂಗುವುದನ್ನು ಬಿಟ್ಟಿತೋ ಗೊತ್ತಿಲ್ಲ. ಅಪೆಲುವಿನ ಮೊಣಕಾಲು ಇನ್ನೊಂದು ಮಳೆಗಾಲವನ್ನು ತಾಳಲಿಲ್ಲ. ಅವನ ಬದಲು ಲಾಫಾಯಿ ಗುಡ್ಡ ಹತ್ತಲು ಹಿಡಿದ, ಯಾರೂ ಹೇಳದೆಯೇ. ಯಜಮಾನ ಇಲಿಬೋನು ಹೊತ್ತು ಹೋಗುವುದನ್ನು ನೋಡಿ ಜನ ಮೊದಮೊದಲು ನಕ್ಕರು, ಆಮೇಲೆ ಅಭ್ಯಾಸವಾಯಿತು. ವಾರಕ್ಕೆರಡು ಸಲ ಅವನು ಇಳಿದು ಬಂದು, ಅಕ್ಕ ಕೊಟ್ಟ ಕೋಕೋ ಕುಡಿದು, ಕೇಳಿದ ಕೂಗನ್ನೆಲ್ಲ ಭಾವನ ಮುಂದೆ ಊದಿ ತೋರಿಸುತ್ತಾನೆ. ಅಪೆಲು ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿಯೇ ಕೇಳುತ್ತಾನೆ.

"ಉಸಿರು ಸಾಲದು," ಎನ್ನುತ್ತಾನೆ. "ನಿನ್ನದೋ, ಹಕ್ಕಿದೋ?"

"ಹಕ್ಕಿದೇ ಭಾವ. ಹಾಗೇ ಇತ್ತು."

"ಹಾಗಾದ್ರೆ ಲೂಪೆ."

ಲಾಫಾಯಿ ಕೋಕೋದ ಬಟ್ಟಲು ತೊಳೆದಿಟ್ಟು, ಗುರುವಾರ ಬರುತ್ತೇನೆಂದು ಹೇಳಿ ಮನೆಗೆ ಹೋಗುತ್ತಾನೆ.